ಪಾಠಾಂತರದಿಂದ ಆವೃತ್ತಿ ನಿಯಂತ್ರಣಕ್ಕೆ: ಕಿರು ಪದಕೋಶಗಳ ನಿರ್ವಹಣೆಯನ್ನು ಕುರಿತ ಒಂದು ಚಾರಿತ್ರಿಕ ಟಿಪ್ಪಣಿ

ಭಾಷಾ ದಾಖಲೀಕರಣದಲ್ಲಿ ತೊಡಗಿದ ಸಣ್ಣ ತಂಡದ ಪದಕೋಶವು ಕೆಲವೇ ಸಾವಿರ ನಮೂದುಗಳದ್ದಾದರೂ ಏಕಕಾಲದಲ್ಲಿ ಹಲವು ಗಣಕಗಳಲ್ಲಿ ಬೆಳೆಯುತ್ತದೆ. ಕ್ಷೇತ್ರದಲ್ಲಿರುವವರು ಅರ್ಥವನ್ನೂ ವಿಭಾಗದಲ್ಲಿರುವವರು ವ್ಯಾಕರಣ ವರ್ಗವನ್ನೂ ತಿದ್ದುತ್ತಾರೆ. ಕ್ರಮೇಣ ಮೂಲ ಯಾವುದು, ಪರಿಷ್ಕೃತ ಯಾವುದು ಎಂಬುದು ಅಸ್ಪಷ್ಟವಾಗುತ್ತದೆ. ಈ ಸಮಸ್ಯೆಗೆ ಮೈಸೂರಿನ ವಿದ್ವತ್ ಪರಂಪರೆಯಲ್ಲಿ ಪೂರ್ವೇತಿಹಾಸವಿದೆ ಎಂಬುದು ನಮ್ಮ ವಾದ.

1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳಿಂದ ಕೃತಿಗಳನ್ನು ಸಂಪಾದಿಸಿದವರ ಮುಂದಿದ್ದ ಪ್ರಶ್ನೆಯೂ ಇದೇ: ಒಂದೇ ಕೃತಿಯ ಹಲವು ಪ್ರತಿಗಳು ಎಲ್ಲಿ, ಏಕೆ ಭಿನ್ನವಾದವು? ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಈ ವಿವೇಚನೆಗೆ ಶಾಸ್ತ್ರರೂಪ ನೀಡಿತು. ಮುದ್ರಣವು ಈ ತೊಡಕನ್ನು ಬಹುಮಟ್ಟಿಗೆ ಮರೆಮಾಡಿತು. ಕಿಟೆಲ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಮರಿಯಪ್ಪ ಭಟ್ಟರ ಪರಿಷ್ಕರಣ 1968–71ರಲ್ಲಿ ಬಂದಿತು. ಇಸವಿಯನ್ನು ಹೇಳಿದರೆ ಆವೃತ್ತಿಯನ್ನು ಹೇಳಿದಂತೆಯೇ ಆಗುತ್ತಿತ್ತು. ಗಣಕದ ಕಡತದಲ್ಲಿ ಆ ಖಚಿತತೆ ಉಳಿಯಲಿಲ್ಲ.

ಆವೃತ್ತಿ ನಿಯಂತ್ರಣದ ತಂತ್ರಾಂಶಗಳು ತಂತ್ರಾಂಶ ರಚನೆಯ ಅಗತ್ಯದಿಂದ ಹುಟ್ಟಿದವು. 1972ರಲ್ಲಿ ಬೆಲ್ ಪ್ರಯೋಗಾಲಯದ ಎಸ್‌ಸಿಸಿಎಸ್, 1980ರ ದಶಕದಲ್ಲಿ ಆರ್‌ಸಿಎಸ್, 2005ರಲ್ಲಿ ಗಿಟ್ ಮತ್ತು ಮರ್ಕ್ಯೂರಿಯಲ್ ಬಂದವು. ಕೊನೆಯ ಎರಡರಲ್ಲಿ ಪ್ರತಿ ಗಣಕವೂ ಸಂಪೂರ್ಣ ಚರಿತ್ರೆಯನ್ನು ಹೊಂದಿರುತ್ತದೆ. ಗ್ರಂಥಸಂಪಾದಕನು ಊಹಿಸಿ ರಚಿಸುತ್ತಿದ್ದ ಪ್ರತಿಗಳ ವಂಶವೃಕ್ಷವು ಇಲ್ಲಿ ತಿದ್ದುಪಡಿಯೊಂದಿಗೇ ದಾಖಲಾಗುತ್ತದೆ.

ಆದರೆ ಎಸ್‌ಕ್ಯೂಲೈಟ್‌ನಂತಹ ದತ್ತಸಂಚಯವು ದ್ವಿಮಾನ ಕಡತ. ಅದು ಬದಲಾಗಿದೆಯೆಂದು ಗಿಟ್ ತಿಳಿಯುತ್ತದೆ. ಯಾವ ನಮೂದು ಬದಲಾಯಿತೆಂದು ತಾನಾಗಿ ತಿಳಿಯದು. ಆದ್ದರಿಂದ ನಮೂದುಗಳನ್ನು ಸ್ಥಿರ ಗುರುತು ಮತ್ತು ಸ್ಥಿರ ಕ್ರಮದೊಂದಿಗೆ ಪಠ್ಯರೂಪಕ್ಕೆ ಇಳಿಸಿ, ಆ ಪಠ್ಯವನ್ನೇ ನಿಯಂತ್ರಣಕ್ಕೆ ಒಳಪಡಿಸುವುದು ಯುಕ್ತ. ಕ್ಷೇತ್ರ ಭಾಷಾವಿಜ್ಞಾನಿಗಳಿಗೆ ಪರಿಚಿತವಾದ ಫ್ಲೆಕ್ಸ್ ತಂತ್ರಾಂಶವು ದತ್ತಾಂಶ ವಿನಿಮಯಕ್ಕೆ ಮರ್ಕ್ಯೂರಿಯಲನ್ನು ಬಳಸಿಕೊಂಡಿತು.

ಕನ್ನಡಕ್ಕೆ ಇನ್ನೊಂದು ತೊಡಕುಂಟು. 'ಕೋ' ಎಂಬಲ್ಲಿನ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಭಾಗಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಏಕರೂಪಗೊಳಿಸದಿದ್ದರೆ ಪಾಠಭೇದವಲ್ಲದ ಪಾಠಭೇದಗಳು ಚರಿತ್ರೆಯನ್ನು ತುಂಬುತ್ತವೆ. ಯಂತ್ರವು ಘರ್ಷಣೆಯಿಲ್ಲದೆ ಕೂಡಿಸಿದ್ದೆಲ್ಲವೂ ಸಾಧುವೂ ಅಲ್ಲ: ಒಬ್ಬರು ಅಳಿಸಿದ ಪದವನ್ನು ಇನ್ನೊಬ್ಬರ ಹೊಸ ನಮೂದು 'ನೋಡಿ' ಎಂದು ಸೂಚಿಸುತ್ತಿರಬಹುದು. ಅಲ್ಲಿ ನಿರ್ಣಯ ಸಂಪಾದಕನದೇ.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2013ರಿಂದ ನಡೆಸುತ್ತಿರುವ ಅಳಿವಿನಂಚಿನ ಭಾಷೆಗಳ ಯೋಜನೆ ಹತ್ತು ಸಾವಿರಕ್ಕಿಂತ ಕಡಿಮೆ ಭಾಷಿಕರಿರುವ ಭಾಷೆಗಳಿಗೆ ಸಂಬಂಧಿಸಿದ್ದು. ಇಂತಹ ಭಾಷೆಗಳಲ್ಲಿ ಮತ್ತೆ ಕೇಳಿ ಪರೀಕ್ಷಿಸುವ ಅವಕಾಶ ಎಲ್ಲ ಕಾಲಕ್ಕೂ ಇರದು. ತಿದ್ದಿ ಕೈಬಿಟ್ಟ ಅರ್ಥವೇ ಮುಂದೆ ಏಕೈಕ ಸಾಕ್ಷ್ಯವಾಗಬಹುದು. ಅದೇ ವೇಳೆ, ಭಾಷಿಕರು ಹಿಂತೆಗೆದುಕೊಳ್ಳಬಯಸಿದ ಮಾತೂ ಪ್ರತಿ ಗಣಕದ ಹಳೆಯ ಆವೃತ್ತಿಯಲ್ಲಿ ಉಳಿದಿರುತ್ತದೆ. ಆದುದರಿಂದ ಏನನ್ನು ಚರಿತ್ರೆಗೆ ಸೇರಿಸಬೇಕೆಂಬುದನ್ನು ಭಾಷಿಕರ ಸಮ್ಮತಿಯೊಡನೆ ಮೊದಲೇ ನಿರ್ಧರಿಸಬೇಕು; ಪ್ರೌಢಪ್ರಬಂಧಗಳು ಪದಕೋಶದ ಹೆಸರಿನೊಡನೆ ತಾವು ಆಧರಿಸಿದ ಆವೃತ್ತಿಯ ಗುರುತನ್ನೂ ಉಲ್ಲೇಖಿಸಬೇಕು.