ಹಂಪಿಯ ಪತನ: ವಿಧಿಯೋ, ಗುಣವೋ, ಚರಿತ್ರೆಯೋ?

ಹಾಳು ಹಂಪಿಯನ್ನು ನೋಡಿದವರೆಲ್ಲ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇಷ್ಟು ದೊಡ್ಡ ನಗರ ಹೀಗೇಕಾಯಿತು? ವಿರೂಪಾಕ್ಷ ಗುಡಿಯ ಮುಂದಿನ ಹಂಪಿ ಬಜಾರಿನಲ್ಲಿ, ಎರಡೂ ಬದಿಯ ಕಲ್ಲಿನ ಸಾಲುಮಂಟಪಗಳ ನಡುವೆ ಪೂರ್ವದ ಎದುರು ಬಸವಣ್ಣನವರೆಗೆ ನಡೆದು ಹೋಗುವಾಗ ಈ ಪ್ರಶ್ನೆಗೆ ಮೂರು ಉತ್ತರಗಳು ಸಿಗುತ್ತವೆ. ಮೊದಲನೆಯದು ವಿಧಿಯ ಉತ್ತರ. ವಿದ್ಯಾರಣ್ಯರು ಶುಭ ಮುಹೂರ್ತಕ್ಕೆ ಶಂಖ ಊದುವೆನೆಂದು ಹೇಳಿ ಕಾದಿದ್ದರಂತೆ. ಅಷ್ಟರಲ್ಲಿ ದಾರಿಹೋಕ ದಾಸಯ್ಯನೊಬ್ಬ ತನ್ನ ಶಂಖ ಊದಿಬಿಟ್ಟ, ಮುಹೂರ್ತಕ್ಕೆ ಮುಂಚೆಯೇ ಅಡಿಗಲ್ಲು ಬಿತ್ತು, ಆದ್ದರಿಂದ ಊರಿಗೆ ಆಯುಷ್ಯ ಕಡಿಮೆಯಾಯಿತು ಎಂಬುದು ಐತಿಹ್ಯ. ಎರಡನೆಯದು ಗುಣದ ಉತ್ತರ. ಅಳಿಯ ರಾಮರಾಯನ ಗರ್ವ ಅವನನ್ನೂ ನಾಡನ್ನೂ ನುಂಗಿತು ಎನ್ನುತ್ತಾರೆ. ಮೂರನೆಯದು ದ್ರೋಹದ ಉತ್ತರ. ಅವನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಮ್ ಸರದಾರರು ಯುದ್ಧದ ನಡುವೆ ಪಕ್ಷ ಬದಲಿಸಿದರು ಎನ್ನುತ್ತಾರೆ.

ಮೂರು ಉತ್ತರಗಳೂ ಕೇಳಲು ರೋಚಕ. ಮೂರರಲ್ಲೂ ಒಂದು ದುರಂತ ನಾಟಕದ ಕಟ್ಟಿದೆ. ಚರಿತ್ರೆಯನ್ನು ನಾಟಕವಾಗಿ ಓದುವ ಅಭ್ಯಾಸ ನಮಗೆ ಎಲ್ಲಿಂದ ಬಂತು, ಅದರಿಂದ ನಮಗೇನು ನಷ್ಟವಾಗಿದೆ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಇಂಗ್ಲಿಷ್ ಹಳ್ಳಿಯ ಕಾದಂಬರಿ

ಹಂಪಿಯ ಕಥೆಯನ್ನು ಆಧುನಿಕ ಓದುಗರಿಗೆ ಮೊದಲು ಇಡಿಯಾಗಿ ಹೇಳಿದವನು ರಾಬರ್ಟ್ ಸೀವೆಲ್. ಮದರಾಸು ಪ್ರಾಂತ್ಯದ ಸಿವಿಲ್ ಅಧಿಕಾರಿಯಾಗಿದ್ದ ಆತನ 'ಮರೆತುಹೋದ ಸಾಮ್ರಾಜ್ಯ' ಎಂಬ ಅರ್ಥದ ಹೆಸರಿನ ಗ್ರಂಥ 1900ರಲ್ಲಿ ಪ್ರಕಟವಾಯಿತು. ಪೋರ್ಚುಗೀಸರಾದ ಡೊಮಿಂಗೋ ಪಯೆಸ್ ಮತ್ತು ಫೆರ್ನಾವೊ ನೂನಿಜ್ ಬರೆದಿಟ್ಟ ವರದಿಗಳನ್ನು ಇಂಗ್ಲಿಷಿಗೆ ತಂದ ಹಿರಿಮೆ ಅವನದು. ಈ ಉಪಕಾರವನ್ನು ಕನ್ನಡಿಗರು ಮರೆಯಬಾರದು. ಆದರೆ ಸೀವೆಲ್ ಯಾವ ಕಾಲದ ಮನುಷ್ಯ ಎಂಬುದೂ ನೆನಪಿರಬೇಕು. ಅವನು ಥಾಮಸ್ ಹಾರ್ಡಿಯ ಸಮಕಾಲೀನ.

ಹಾರ್ಡಿ (1840-1928) ಇಂಗ್ಲೆಂಡಿನ ಡಾರ್ಸೆಟ್ ಸೀಮೆಯವನು. ಅವನ 1886ರ ಕಾದಂಬರಿ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್'ನ ನಾಯಕ ಹೆಂಚರ್ಡ್ ಕುಡಿದ ಅಮಲಿನಲ್ಲಿ ಜಾತ್ರೆಯೊಂದರಲ್ಲಿ ಹೆಂಡತಿಯನ್ನು ಐದು ಗಿನಿಗೆ ಮಾರುತ್ತಾನೆ. ಪಶ್ಚಾತ್ತಾಪಪಟ್ಟು ಕುಡಿತ ಬಿಟ್ಟು ಧಾನ್ಯದ ದೊಡ್ಡ ವ್ಯಾಪಾರಿಯೂ ಊರಿನ ಮೇಯರನೂ ಆಗುತ್ತಾನೆ. ಹಳೆಯ ತಪ್ಪು ಬೆನ್ನಟ್ಟಿ ಬಂದು, ಹಟಮಾರಿತನದಿಂದ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಂಡು ಪಾಳು ಗುಡಿಸಲಿನಲ್ಲಿ ಸಾಯುತ್ತಾನೆ. ಮನುಷ್ಯನ ಗುಣವೇ ಅವನ ವಿಧಿ ಎಂಬ ಹಳೆಯ ವಿಚಾರವನ್ನು ಹಾರ್ಡಿ ಇಲ್ಲಿ ಒರೆಗೆ ಹಚ್ಚುತ್ತಾನೆ.

ಆದರೆ ಕಾದಂಬರಿಯನ್ನು ಸಾವಧಾನದಿಂದ ಓದಿದರೆ ಬೇರೆ ಸಂಗತಿಗಳೂ ಕಾಣುತ್ತವೆ. ಕಥೆ ನಡೆಯುವುದು 1846ರಲ್ಲಿ ಧಾನ್ಯ ಕಾನೂನುಗಳು ರದ್ದಾಗುವ ಮುಂಚಿನ ಕಾಲದಲ್ಲಿ. ಹೊರಗಿನ ಧಾನ್ಯಕ್ಕೆ ತಡೆಯಿದ್ದ ಆ ದಿನಗಳಲ್ಲಿ ಒಂದು ವಾರದ ಮಳೆಬಿಸಿಲು ಬೆಲೆಯನ್ನು ಏರಿಸಿ ಇಳಿಸುತ್ತಿತ್ತು. ಹವಾಮಾನದ ಕಣಿ ಹೇಳುವವನನ್ನು ನಂಬಿ ಹೆಂಚರ್ಡ್ ಧಾನ್ಯ ಕೊಂಡು ಮುಳುಗುತ್ತಾನೆ. ಅವನ ಪ್ರತಿಸ್ಪರ್ಧಿ ಬಿತ್ತನೆಯ ಯಂತ್ರವನ್ನೂ ಕಟ್ಟುನಿಟ್ಟಿನ ಲೆಕ್ಕದ ಪುಸ್ತಕವನ್ನೂ ಬಲ್ಲವನು. ಓದುಗ 'ವಿಧಿ' ಎಂದು ನಿಟ್ಟುಸಿರು ಬಿಡುವ ಜಾಗದಲ್ಲಿ ಹಾರ್ಡಿ ಮಾರುಕಟ್ಟೆ, ಕಾನೂನು, ಯಂತ್ರ ಎಲ್ಲವನ್ನೂ ಇಟ್ಟಿದ್ದಾನೆ. 1891ರ 'ಟೆಸ್' ಕಾದಂಬರಿಯಲ್ಲೂ ಅಷ್ಟೇ. ತಂದೆ ಸತ್ತೊಡನೆ ಮನೆಯ ಗೇಣಿ ಹಕ್ಕು ಮುಗಿಯುತ್ತದೆ, ಸಂಸಾರ ಬೀದಿಗೆ ಬೀಳುತ್ತದೆ. ಅವರು ಹೋಗಿ ಆಸರೆ ಪಡೆಯುವುದು ಒಂದು ಕಾಲಕ್ಕೆ ಜಮೀನುದಾರರಾಗಿದ್ದ ತಮ್ಮ ಪೂರ್ವಿಕರ ಗೋರಿಗಳಿರುವ ಇಗರ್ಜಿಯ ಗೋಡೆಯ ಪಕ್ಕದಲ್ಲಿ.

ನಮ್ಮಲ್ಲೂ ದುರಂತ ನಾಯಕರಿಗೆ ಕೊರತೆಯಿಲ್ಲ. ರನ್ನನ ಛಲದಂಕಮಲ್ಲ ದುರ್ಯೋಧನನನ್ನು ಬಿಎಂಶ್ರೀಯವರು 1926ರಲ್ಲಿ 'ಗದಾಯುದ್ಧ ನಾಟಕ'ವಾಗಿ ಗ್ರೀಕರ ಮಾದರಿಗೆ ಹೊಂದಿಸಿದರು. ಕಾವ್ಯದಲ್ಲಿ ಇದು ದೊಡ್ಡ ಸಾಧನೆ. ಚರಿತ್ರೆಯಲ್ಲಿ ಅದೇ ಅಚ್ಚನ್ನು ಒತ್ತಿದಾಗ ತೊಡಕು ಶುರುವಾಗುತ್ತದೆ.

ರಾಮರಾಯನ ಗರ್ವ

ರಾಮರಾಯ ಕೃಷ್ಣದೇವರಾಯನ ಅಳಿಯ. ಯೌವನದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. 1540ರ ದಶಕದ ಆರಂಭದಿಂದ ಸದಾಶಿವರಾಯನನ್ನು ಹೆಸರಿಗೆ ಸಿಂಹಾಸನದ ಮೇಲೆ ಕೂರಿಸಿ ತಾನೇ ಆಳಿದ. ಅವನ ಗರ್ವದ ಕಥೆಗಳ ಮುಖ್ಯ ಮೂಲ ಫೆರಿಶ್ತಾ. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾ ಸೋತು ಸಂಧಿಗೆ ಬಂದಾಗ ರಾಮರಾಯನ ಕೈಯಿಂದ ವೀಳ್ಯ ಪಡೆಯಬೇಕಾದ ಅವಮಾನ, ಮಗನೆಂದು ಕರೆಸಿಕೊಂಡಿದ್ದ ಬಿಜಾಪುರದ ಅಲಿ ಆದಿಲ್ ಶಾ ಹೊರಟಾಗ ಬೀಳ್ಕೊಡಲು ಹೋಗದ ಉದಾಸೀನ, ಇವೆಲ್ಲ ಅಲ್ಲಿಂದ ಬಂದವು. ಸೀವೆಲ್ ಇವನ್ನು ಬ್ರಿಗ್ಸ್ ಮಾಡಿದ ಅನುವಾದದ ಮೂಲಕ ಪಡೆದು ತನ್ನ ಕಥನದಲ್ಲಿ ಹೆಣೆದ. ಉನ್ನತ ಸ್ಥಾನ, ಒಂದು ಗುಣದೋಷ, ಒಂದೇ ದಿನದ ಪತನ, ನಂತರ ಐದು ತಿಂಗಳ ವಿನಾಶ. ವಿಕ್ಟೋರಿಯಾ ಕಾಲದ ಓದುಗನಿಗೆ ಇದು ಚಿರಪರಿಚಿತ ಹಾದಿ.

ಆದರೆ ಫೆರಿಶ್ತಾ ಯುದ್ಧವನ್ನು ಕಂಡವನಲ್ಲ. ಅವನು ಬಿಜಾಪುರಕ್ಕೆ ಬಂದದ್ದೇ 1589ರಲ್ಲಿ. ಬರೆದದ್ದು ಗೆದ್ದ ಆದಿಲ್ ಶಾಹಿ ಅರಸರ ಆಶ್ರಯದಲ್ಲಿ. ಹಳೆಯ ಮಿತ್ರನ ಮೇಲೆ ದಂಡೆತ್ತಿ ಹೋಗಿದ್ದಕ್ಕೆ ಸಮರ್ಥನೆ ಬೇಕಿತ್ತು, ಮಿತ್ರನ ಗರ್ವ ಅದನ್ನು ಒದಗಿಸಿತು. ರಾಮರಾಯ ವಿನಯವಂತನಾಗಿದ್ದ ಎಂದು ನಾವು ವಾದಿಸುತ್ತಿಲ್ಲ. ಅವನ ಅಹಂಕಾರವೊಂದೇ ಕಾರಣವೆನ್ನುವ ಮುನ್ನ ಅವನ ರಾಜನೀತಿಯನ್ನು ನೋಡಬೇಕು ಎನ್ನುತ್ತಿದ್ದೇವೆ.

ಆ ರಾಜನೀತಿ ಇಪ್ಪತ್ತು ವರ್ಷ ಫಲಿಸಿತ್ತು. ಸುಲ್ತಾನರಲ್ಲಿ ಒಬ್ಬರನ್ನು ಇನ್ನೊಬ್ಬರ ವಿರುದ್ಧ ಕೂಡಿಸಿಕೊಂಡು ಯಾರೂ ಬಲಿಯದಂತೆ ನೋಡಿಕೊಳ್ಳುವುದು ಅದರ ತಿರುಳು. ಗೋಲ್ಕೊಂಡದ ಇಬ್ರಾಹೀಮ್ ಕುತುಬ್ ಶಾ ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ಆಶ್ರಯ ಪಡೆದದ್ದು ವಿಜಯನಗರದಲ್ಲಿ. 1547ರಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದ ಕುದುರೆಗಳ ವ್ಯಾಪಾರವನ್ನು ಕುರಿತದ್ದಾಗಿತ್ತು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋ-ಆಬಕ್ಕಾಗಿ ನಡೆದ ಕಾದಾಟ ಬಹಮನಿಗಳ ಕಾಲದಿಂದಲೂ ಇದ್ದದ್ದು. ಈ ನೀತಿಯ ಗೆಲುವೇ ಅದರ ಅಪಾಯವೂ ಆಯಿತು, ಏಕೆಂದರೆ ಎಲ್ಲರನ್ನೂ ಆಡಿಸಬಲ್ಲವನಿಗೆ ಎಲ್ಲರೂ ಹೆದರುತ್ತಾರೆ. ಹುಸೇನ್ ನಿಜಾಮ್ ಶಾನ ಮಗಳು ಚಾಂದ್ ಬೀಬಿ ಅಲಿ ಆದಿಲ್ ಶಾನನ್ನು ಮದುವೆಯಾದಳು. ಕಲಹದ ಮೂಲವಾಗಿದ್ದ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಹೋಯಿತು. ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಒಂದಾದವು. ಇದನ್ನು 'ಧರ್ಮಯುದ್ಧ' ಎನ್ನುವವರು ಬೇರಾರಿನ ಸುಲ್ತಾನ ಈ ಕೂಟಕ್ಕೆ ಸೇರಲೇ ಇಲ್ಲ ಎಂಬುದನ್ನು ಗಮನಿಸಬೇಕು. 1565ರ ಜನವರಿಯಲ್ಲಿ ಕೃಷ್ಣೆಯ ಬಳಿ, ರಕ್ಕಸಗಿ ತಂಗಡಗಿಗಳ ಸೀಮೆಯಲ್ಲಿ ನಡೆದ ಯುದ್ಧದಲ್ಲಿ ಅಹ್ಮದ್‌ನಗರದ ಫಿರಂಗಿಗಳು ನಿರ್ಣಾಯಕವಾದವು. ಮುದಿ ವಯಸ್ಸಿನ ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡ.

ದ್ರೋಹದ ಕಥೆ

ಇನ್ನು ಮೂರನೆಯ ಉತ್ತರ. ಇದು ನಮ್ಮ ಕಾಲದಲ್ಲಿ ಹೆಚ್ಚು ಬಿಕರಿಯಾಗುವ ಸರಕು. ಇಬ್ಬರು ಮುಸ್ಲಿಮ್ ಸರದಾರರ ದ್ರೋಹದ ಮಾತನ್ನು ಬರೆದವನು ವೆನಿಸಿನ ವ್ಯಾಪಾರಿ ಸೀಸರ್ ಫೆಡರಿಚಿ. ಅವನು ಹಂಪಿಗೆ ಬಂದದ್ದು ಯುದ್ಧವಾಗಿ ಎರಡು ವರ್ಷದ ಮೇಲೆ, 1567ರಲ್ಲಿ. ಊರಲ್ಲಿ ಕೇಳಿದ್ದನ್ನು ಬರೆದ. ಅವರ ಹೆಸರನ್ನು ಅವನು ಹೇಳಿಲ್ಲ. ಫೆರಿಶ್ತಾನ ಯುದ್ಧವರ್ಣನೆಯಲ್ಲಿ ಸೋಲಿಗೆ ಇದು ಕಾರಣವಾಗಿ ಬರುವುದಿಲ್ಲ. ಪಕ್ಷಾಂತರ ನಡೆದಿರಲೂಬಹುದು, ದಖ್ಖನಿನಲ್ಲಿ ಎಲ್ಲ ಮತದ ಸರದಾರರೂ ಆಗಾಗ ಒಡೆಯರನ್ನು ಬದಲಿಸಿದವರೇ. ರಾಮರಾಯನೇ ಗೋಲ್ಕೊಂಡ ಬಿಟ್ಟು ವಿಜಯನಗರಕ್ಕೆ ಬಂದವನು. ಅದನ್ನು ಯಾರೂ ಮತದ್ರೋಹ ಎನ್ನುವುದಿಲ್ಲ.

ಶಾಸನಗಳು ಹೇಳುವ ಕಥೆ ಬೇರೆ. 1551ರ ಬೇವಿನಹಳ್ಳಿ ತಾಮ್ರಶಾಸನದಲ್ಲಿ ರಾಮರಾಯನ ಮುಸ್ಲಿಮ್ ಸರದಾರ ಐನುಲ್ ಮುಲ್ಕನ ಬಿನ್ನಹದ ಮೇರೆಗೆ ಬ್ರಾಹ್ಮಣರಿಗೆ ಗ್ರಾಮದಾನವಾದ ಉಲ್ಲೇಖವಿದೆ. ಅದಕ್ಕೂ ಹಿಂದೆ, 1439ರಲ್ಲಿ, ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಹಂಪಿಯಲ್ಲಿ ಒಂದು ಮಸೀದಿ ಕಟ್ಟಿಸಿ ಅದರ ಪುಣ್ಯ ಅರಸನಿಗೆ ಸಲ್ಲಲೆಂದು ಕನ್ನಡದಲ್ಲಿ ಶಾಸನ ಬರೆಸಿದ. ಆ ಶಾಸನ ಕಟ್ಟಡವನ್ನು ಧರ್ಮಸಾಲೆ ಎಂದು ಕರೆಯುತ್ತದೆ. ವಿಜಯನಗರದ ಅರಸರು 'ಹಿಂದೂರಾಯ ಸುರತ್ರಾಣ' ಎಂಬ ಬಿರುದು ಧರಿಸುತ್ತಿದ್ದರು. ಸುರತ್ರಾಣ ಎಂದರೆ ಸುಲ್ತಾನ್.

ಹಾಗೆಂದು ಗೆದ್ದವರ ಕೃತ್ಯವನ್ನು ಮರೆಮಾಚುವುದೂ ಸಲ್ಲ. ಕೊಳ್ಳೆ ನಡೆಯಿತು, ಅರಮನೆಗಳು ಸುಟ್ಟವು, ವಿಠಲ ಮತ್ತು ಕೃಷ್ಣ ದೇವಾಲಯಗಳು ಹಾನಿಗೊಂಡವು. ಇದನ್ನು ಹೇಳಲು ಮುಸ್ಲಿಮನೊಬ್ಬ ಸಂಕೋಚಪಡಬೇಕಾಗಿಲ್ಲ. ಅನ್ಯಾಯ ಯಾರದಾದರೂ ಅನ್ಯಾಯವೇ. ಅದರ ಜೊತೆಗೆ ಉಳಿದದ್ದನ್ನೂ ಹೇಳಬೇಕು. ವಿರೂಪಾಕ್ಷನ ಗುಡಿ ಉಳಿಯಿತು, ಅಲ್ಲಿ ಪೂಜೆ ಇಂದಿಗೂ ನಡೆಯುತ್ತಿದೆ. ರಾಮರಾಯನ ತಮ್ಮ ತಿರುಮಲ ಸದಾಶಿವರಾಯನನ್ನೂ ಭಂಡಾರವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡಕ್ಕೆ ಹೋದ. ರಾಜವಂಶ ಅಲ್ಲಿಂದ ಮುಂದೆ ಎಂಟು ದಶಕದಷ್ಟು ಕಾಲ ಬಾಳಿತು. ಕಾವಲೂ ಖಜಾನೆಯೂ ಇಲ್ಲದೆ ಉಳಿದದ್ದು ಊರಿನ ಜನ. ಅರಸರೇ ಬಿಟ್ಟುಹೋದ ರಾಜಧಾನಿಯಲ್ಲಿ ಪೇಟೆ ಹೇಗೆ ನಿಂತೀತು?

ಕಂಪಿಲಿ ಮತ್ತು ಸುರಪುರ

ಹೀಗೆ ಕಾರಣವನ್ನು ಮರೆಸಿ ದುರಂತವನ್ನು ಉಳಿಸುವ ಪರಿಪಾಠ ಈ ಸೀಮೆಗೆ ಹೊಸದಲ್ಲ. ಹಂಪಿಗೆ ಹತ್ತಿರದ ಕಂಪಿಲಿಯ ಕುಮಾರರಾಮನ ಕಥೆಯಲ್ಲಿ ಮಲತಾಯಿ ರತ್ನಾಜಿಯ ಮೋಹವೇ ಅನರ್ಥದ ಬೇರು. ಆದರೆ ಇಬ್ನ್ ಬತೂತ ಬರೆದಿಟ್ಟ ಸಂಗತಿ ಬೇರೆ. ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾಉದ್ದೀನ್ ಗುರ್ಷಾಸ್ಪ್ ಕಂಪಿಲರಾಯನ ಮರೆಹೊಕ್ಕ. ಶರಣು ಬಂದವನನ್ನು ಒಪ್ಪಿಸಲೊಲ್ಲದೆ ರಾಯ 1327ರ ಸುಮಾರಿಗೆ ದಿಲ್ಲಿಯ ಸೈನ್ಯದೆದುರು ಹೋರಾಡಿ ಸತ್ತ. ಮುಸ್ಲಿಮ್ ಅತಿಥಿಗಾಗಿ ಹಿಂದೂ ಅರಸನೊಬ್ಬ ರಾಜ್ಯ ಕಳೆದುಕೊಂಡ ಕಥೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಹೆಣ್ಣಿನ ಮೋಹದ ಕಥೆ ಗೊತ್ತಿದೆ.

ಹತ್ತೊಂಬತ್ತನೆಯ ಶತಮಾನದ ಉದಾಹರಣೆ ಸುರಪುರದ್ದು. ಅಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಕಾದಂಬರಿಕಾರನೂ ಹೌದು, ಚಾಂದ್ ಬೀಬಿಯನ್ನು ಕುರಿತೂ ಬರೆದವನು. ತರುಣ ರಾಜ ವೆಂಕಟಪ್ಪ ನಾಯಕ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಜಾತಕ ಹೇಳಿತ್ತೆಂದೂ ಅದು ನಿಜವಾಯಿತೆಂದೂ ಟೇಲರ್ ಆತ್ಮಕಥೆಯಲ್ಲಿ ಬೆರಗಿನಿಂದ ಬರೆಯುತ್ತಾನೆ. ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಕಾವಲಿನಲ್ಲಿರುವಾಗಲೇ ಗುಂಡೇಟಿನಿಂದ ಸತ್ತ. ಟೇಲರನಿಗೆ ಅವನ ಮೇಲೆ ಪ್ರೀತಿಯಿತ್ತು, ನಿಜ. ಆದರೆ ಸಾವನ್ನು ಜಾತಕದ ಲೆಕ್ಕಕ್ಕೆ ಹಾಕಿದರೆ ಅವನನ್ನು ಆ ಸ್ಥಿತಿಗೆ ತಂದ ಸರ್ಕಾರ ಲೆಕ್ಕದಿಂದ ಪಾರಾಗುತ್ತದೆ.

ತಕ್ದೀರ್ ಮತ್ತು ಹೊಣೆ

ವಿಧಿಯಲ್ಲಿ ನಂಬಿಕೆ ಇಸ್ಲಾಮಿನ ವಿಶ್ವಾಸದ ಭಾಗ. ಆದರೆ ಒಂಟೆಯನ್ನು ಮೊದಲು ಕಟ್ಟಿಹಾಕಿ ಆಮೇಲೆ ದೇವರ ಮೇಲೆ ಭರವಸೆಯಿಡಲು ಪ್ರವಾದಿಯವರು ಕಲಿಸಿದ್ದನ್ನೂ ನಾವು ಬಲ್ಲೆವು. ತಕ್ದೀರ್ ಮನುಷ್ಯನ ಹೊಣೆಯನ್ನು ತೊಡೆಯುವುದಿಲ್ಲ. ಬುಕ್ಕರಾಯ ತೀರಿಕೊಂಡ 1377ರಲ್ಲೇ ಉತ್ತರ ಆಫ್ರಿಕದಲ್ಲಿ ಇಬ್ನ್ ಖಲ್ದೂನ್ ತನ್ನ 'ಮುಕದ್ದಿಮಾ' ಬರೆದ. ರಾಜ್ಯಗಳು ಏಳುವುದು ಬೀಳುವುದು ನಕ್ಷತ್ರದಿಂದಲೂ ಅಲ್ಲ, ಒಬ್ಬ ಅರಸನ ಸಿಟ್ಟಿನಿಂದಲೂ ಅಲ್ಲ. ಜನರನ್ನು ಬೆಸೆಯುವ ಒಗ್ಗಟ್ಟು ಸಡಿಲಾಗುವುದು, ಐಷಾರಾಮ, ತೆರಿಗೆಯ ಭಾರ ಇವನ್ನು ಅವನು ಕಾರಣವಾಗಿ ಎಣಿಸಿದ. ದೇವರಲ್ಲಿ ಅಚಲ ನಂಬಿಕೆಯಿದ್ದ ಈ ಪಂಡಿತನಿಗೆ ಕಾರಣಗಳನ್ನು ಹುಡುಕುವುದು ಭಕ್ತಿಗೆ ವಿರುದ್ಧವೆನಿಸಲಿಲ್ಲ.

ಅರಸರ ಪತನಕ್ಕಾಗಿ ಮರುಗುವ ನಾವು ಕಣ್ಣೆದುರಿನ ಸಂಗತಿಗೆ ಬಂದಾಗ ಮಾತ್ರ ವಿಧಿಯ ಮೊರೆ ಹೋಗುತ್ತೇವೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾಯಿತು. 2011ರ ಜುಲೈ ಕೊನೆಯಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಯಂತ್ರಗಳು ಬಂದು ತೆರವುಗೊಳಿಸಿದವು. ಮಂಟಪಗಳ ರಕ್ಷಣೆ ಅಗತ್ಯವಿತ್ತು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಪಯೆಸ್ ಕಂಡ ಬೀದಿ ಜನ ಬಾಳುತ್ತಿದ್ದ ಪೇಟೆ. ತಲೆಮಾರಿನಿಂದ ಅಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಚಹಾ ಮಾರಿ ಬದುಕಿದವರಿಗೆ ಕೆಲ ಗಂಟೆಗಳಲ್ಲಿ ನೆಲೆ ತಪ್ಪಿತು. ಅದೇ ವಾರ ಸಂಡೂರು, ಹೊಸಪೇಟೆಯ ಗುಡ್ಡಗಳ ಅಕ್ರಮ ಅದಿರು ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಸಲ್ಲಿಕೆಯಾಯಿತು. ಕೆಂಧೂಳು ಕುಡಿದ ಹಳ್ಳಿಯವರೂ ಎಷ್ಟೋ ವರ್ಷ 'ನಮ್ಮ ಹಣೆಬರಹ' ಎಂದೇ ಸುಮ್ಮನಿದ್ದರು. ಹಣೆಯ ಮೇಲೆ ಬರೆದಿತ್ತೆಂದುಕೊಂಡದ್ದು ಪರವಾನಗಿ ಕಾಗದದ ಮೇಲೆ ಬರೆದಿತ್ತು.

ಗಿರೀಶ್ ಕಾರ್ನಾಡರ 'ರಾಕ್ಷಸ ತಂಗಡಿ' 2018ರಲ್ಲಿ ಬಂದಾಗ ರಾಮರಾಯ ಮತ್ತೆ ಚರ್ಚೆಗೆ ಬಂದ. ಅವನ ಬಗ್ಗೆ ಇನ್ನೂ ನಾಟಕಗಳು ಬರಲಿ, ಕಾದಂಬರಿಗಳು ಬರಲಿ. ದುರಂತ ಸಾಹಿತ್ಯ ಮನುಷ್ಯನನ್ನು ಮೆತ್ತಗಾಗಿಸುತ್ತದೆ, ಸೋತವನ ಮೇಲೆ ಕರುಣೆ ಹುಟ್ಟಿಸುತ್ತದೆ. ಚರಿತ್ರೆಯ ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ. ಯಾರು ಯಾರೊಡನೆ ಏಕೆ ಕೂಡಿದರು, ಯಾರಿಗೆ ಲಾಭವಾಯಿತು, ಯಾರ ಮನೆ ಹೋಯಿತು ಎಂದು ಅದು ಕೇಳಲೇಬೇಕು. ಹಂಪಿಯ ಪತನವನ್ನು ಒಂದು ಸಮುದಾಯದ ದ್ರೋಹವಾಗಿ ನಮ್ಮ ಮಕ್ಕಳಿಗೆ ಹೇಳಿಕೊಡುವವರು ಇರುವಾಗ, ಅಹ್ಮದ್ ಖಾನನ ಧರ್ಮಸಾಲೆಯನ್ನೂ ಕಂಪಿಲರಾಯನ ಶರಣಾಗತ ರಕ್ಷಣೆಯನ್ನೂ ಒಡೆದ ವಿಠಲ ಗುಡಿಯನ್ನೂ ಒಟ್ಟಿಗೆ ತೋರಿಸುವ ಹೊಣೆ ಓದುಬರಹ ಬಲ್ಲ ಹಿಂದೂ ಮುಸ್ಲಿಮರಿಬ್ಬರ ಮೇಲೂ ಇದೆ.