ಹೃದಯಾಘಾತದ ನಂತರ ಹೃದಯಸ್ನಾಯುವಿನ ಮರುನಿರ್ಮಾಣ: ಕೋಶಸಂಖ್ಯೆಯಿಂದ ಲಯದತ್ತ

ಸಾರಾಂಶ

ಹೃದಯಾಘಾತದಲ್ಲಿ ಸತ್ತ ಸ್ನಾಯುವನ್ನು ಮತ್ತೆ ಕಟ್ಟಲು ಮೂರು ಹಾದಿಗಳು ಮುಖ್ಯವಾಗಿ ಪರೀಕ್ಷೆಗೊಳಗಾಗಿವೆ: ಅಸ್ಥಿಮಜ್ಜೆಯ ಕೋಶಗಳನ್ನು ಸೇರಿಸುವುದು, ಇರುವ ಸ್ನಾಯುಕೋಶಗಳನ್ನೇ ವಿಭಜನೆಗೆ ಹಚ್ಚುವುದು, ಪ್ರಯೋಗಾಲಯದಲ್ಲಿ ಬೆಳೆಸಿದ ಸ್ನಾಯುವನ್ನು ಕಸಿ ಮಾಡುವುದು. ಇವುಗಳ ಯಶಸ್ಸನ್ನು ಅಳೆಯಲು ಕೋಶಸಂಖ್ಯೆಯಾಗಲಿ ಕಲೆಯ ಗಾತ್ರವಾಗಲಿ ಸಾಲದು. ಹೊಸ ಸ್ನಾಯು ಹೃದಯದ ಲಯಕ್ಕೆ ಒಗ್ಗಿತೇ ಎಂಬುದೂ ಮಾನದಂಡವಾಗಬೇಕೆಂದು ಈ ಲೇಖನ ವಾದಿಸುತ್ತದೆ.

1. ಸಮಸ್ಯೆಯ ಸ್ವರೂಪ

ದೊಡ್ಡ ಹೃದಯಾಘಾತದಲ್ಲಿ ಎಡ ಹೃತ್ಕುಕ್ಷಿಯ ಸುಮಾರು 100 ಕೋಟಿ ಸ್ನಾಯುಕೋಶಗಳು ಸಾಯಬಹುದು. ಸ್ಟೆಂಟ್ ಅಥವಾ ಹೆಪ್ಪು ಕರಗಿಸುವ ಔಷಧಿ ಸಾಯುವ ಅಂಚಿನಲ್ಲಿರುವ ಸ್ನಾಯುವನ್ನು ಉಳಿಸುತ್ತದೆ, ಸತ್ತದ್ದನ್ನು ಮರಳಿಸದು. ಆ ಜಾಗದಲ್ಲಿ ಬೆಳೆಯುವ ಕೊಲಾಜೆನ್ ಕಲೆ ಹೃದಯದ ಗೋಡೆ ಒಡೆಯದಂತೆ ಕಾಯುತ್ತದೆಯೇ ಹೊರತು ಮಿಡಿಯುವುದಿಲ್ಲ.

ಮನುಷ್ಯರ ಹೃದಯ ಹೊಸ ಕೋಶಗಳನ್ನು ಹುಟ್ಟಿಸುವುದೇ ಇಲ್ಲವೆಂದಲ್ಲ. ಅಣ್ವಸ್ತ್ರ ಪರೀಕ್ಷೆಗಳಿಂದ ವಾತಾವರಣ ಸೇರಿದ ಕಾರ್ಬನ್-14ರ ಜಾಡು ಹಿಡಿದು, ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ತಂಡ 2009ರಲ್ಲಿ ಈ ವೇಗವನ್ನು ಲೆಕ್ಕಹಾಕಿತು: 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ. 1, 75ರಲ್ಲಿ ಶೇ. 0.45. ಆಘಾತದ ನಷ್ಟ ತುಂಬಲು ಇದು ಏನೇನೂ ಸಾಲದು.

2. ಅಸ್ಥಿಮಜ್ಜೆಯ ಕೋಶಗಳು

ಅಸ್ಥಿಮಜ್ಜೆಯ ಕೋಶಗಳು ಇಲಿಯ ಹೃದಯದಲ್ಲಿ ಸ್ನಾಯುವಾಗುತ್ತವೆ ಎಂದು ಪಿಯೆರೊ ಆನ್ವೆರ್ಸಾ ಮತ್ತು ಸಹೋದ್ಯೋಗಿಗಳು 2001ರಲ್ಲಿ ವರದಿ ಮಾಡಿದರು. 2004ರಲ್ಲಿ ಬೇರೆ ತಂಡಗಳಿಗೆ ಆ ರೂಪಾಂತರ ಕಾಣಲಿಲ್ಲ. 2018ರಲ್ಲಿ ಆನ್ವೆರ್ಸಾ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಹಾರ್ವರ್ಡ್ ಶಿಫಾರಸು ಮಾಡಿತು. ಆ ವೇಳೆಗಾಗಲೇ ರೋಗಿಗಳ ಮೇಲಿನ ಪ್ರಯೋಗಗಳು ಬಹುದೂರ ಸಾಗಿದ್ದವು. ಮರಣದ ಪ್ರಮಾಣವನ್ನೇ ಅಳೆಯಲು ಹೊರಟ ಯುರೋಪಿನ ಬಾಮಿ ಪರೀಕ್ಷೆ 3,000 ರೋಗಿಗಳ ಗುರಿಯಿಟ್ಟುಕೊಂಡು, 375 ಮಂದಿಯಷ್ಟೇ ಸೇರಿದ್ದರಿಂದ ನಿರ್ಣಯಕ್ಕೆ ಬರಲಾರದೆ ಮುಗಿಯಿತು.

ಹಾಗಾದರೆ ಕೆಲವು ಪ್ರಾಣಿಪ್ರಯೋಗಗಳಲ್ಲಿ ಕಂಡ ಸುಧಾರಣೆ ಎಲ್ಲಿಂದ ಬಂತು? ಸತ್ತ ಕೋಶಗಳನ್ನು ಚುಚ್ಚಿದರೂ ಇಲಿಗಳ ಹೃದಯ ಚೇತರಿಸಿಕೊಂಡಿತೆಂದು 2020ರಲ್ಲಿ ಸಿನ್ಸಿನಾಟಿಯ ಸಂಶೋಧಕರು ತೋರಿಸಿದರು. ಕೆಲಸ ಮಾಡಿದ್ದು ರೋಗನಿರೋಧಕ ಕೋಶಗಳ ಪ್ರತಿಕ್ರಿಯೆ; ಹೊಸ ಸ್ನಾಯುವಲ್ಲ.

3. ವಿಭಜನೆಗೆ ಪ್ರಚೋದನೆ

ಒಂದು ದಿನದ ಇಲಿಮರಿ ಕತ್ತರಿಸಿದ ಹೃದಯಭಾಗವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ಏಳು ದಿನಗಳಲ್ಲಿ ಆ ಶಕ್ತಿ ಹೋಗುತ್ತದೆ. ಅದನ್ನು ಮತ್ತೆ ಎಬ್ಬಿಸಲು ಮೈಕ್ರೊಆರ್‌ಎನ್‌ಎ-199ಎ ಎಂಬ ಕಿರುಅಣುವನ್ನು ಹಂದಿಗಳ ಹೃದಯಕ್ಕೆ ವೈರಸ್ ವಾಹಕದ ಮೂಲಕ ಕೊಡಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ತಿಂಗಳಲ್ಲಿ ಕಲೆ ಸುಮಾರು ಅರ್ಧಕ್ಕಿಳಿದು ಸಂಕೋಚನ ಸುಧಾರಿಸಿತು. ಆದರೆ ಅಣುವಿನ ತಯಾರಿ ನಿಲ್ಲಲಿಲ್ಲ. ಅಪಕ್ವ ಕೋಶಗಳು ಸ್ನಾಯುವಿನೊಳಗೆ ಹಬ್ಬಿ, ಮುಂದೆ ಗಮನಿಸಿದ ಹಂದಿಗಳಲ್ಲಿ ಹೆಚ್ಚಿನವು ಹಠಾತ್ತನೆ ಸತ್ತವು. ವೀಕ್ಷಣೆ ಮೊದಲ ತಿಂಗಳಿಗೇ ಮುಗಿದಿದ್ದರೆ ಇದು ಯಶಸ್ಸೆಂದೇ ದಾಖಲಾಗುತ್ತಿತ್ತು.

4. ಬೆಳೆಸಿದ ಸ್ನಾಯುವಿನ ಕಸಿ

ಭ್ರೂಣದ ಕಾಂಡಕೋಶಗಳಿಂದ ಪಡೆದ 100 ಕೋಟಿ ಸ್ನಾಯುಕೋಶಗಳನ್ನು 2014ರಲ್ಲಿ ಸಿಯಾಟಲ್‌ನ ತಂಡ ಮಂಗಗಳಿಗೆ ಕಸಿ ಮಾಡಿತು. ಕಸಿ ಉಳಿಯಿತು, ಹೃದಯದೊಂದಿಗೆ ಕೂಡಿ ಮಿಡಿಯಿತು. ಜೊತೆಗೆ ಲಯಭಂಗವನ್ನೂ ತಂದಿತು. ಎಳೆಯ ಕೋಶಗಳು ಪೇಸ್‌ಮೇಕರ್‌ನಂತೆ ತಾವೇ ಮಿಡಿತ ಹೊರಡಿಸುವುದು ಇದಕ್ಕೆ ಕಾರಣ. ಅಲ್ಲಿಯ ಸಂಶೋಧಕರು 2023ರಲ್ಲಿ ಅಯಾನುಗಳ ಸಾಗಣೆಗೆ ಸಂಬಂಧಿಸಿದ ಮೂರು ಜೀನ್‌ಗಳನ್ನು ನಿಷ್ಕ್ರಿಯಗೊಳಿಸಿ, ಒಂದನ್ನು ಹೆಚ್ಚಿಸಿದರು. ಆ ಕೋಶಗಳು ಹಂದಿಗಳಲ್ಲಿ ಲಯಭಂಗ ಉಂಟುಮಾಡಲಿಲ್ಲ.

ಜರ್ಮನಿಯ ಗಾಟಿಂಗನ್ ತಂಡದ್ದು ಬೇರೆ ಉಪಾಯ: ಕೋಶಗಳನ್ನು ಚುಚ್ಚುವ ಬದಲು ಕೊಲಾಜೆನ್‌ನಲ್ಲಿ ಸ್ನಾಯುವಾಗಿ ಬೆಳೆಸಿ, ಹೃದಯದ ಮೇಲೆ ತೇಪೆಯಾಗಿ ಹೊಲಿಯುವುದು. 2025ರ ಜನವರಿಯ ವರದಿಯಂತೆ ತೇಪೆ ಮಂಗಗಳಲ್ಲಿ ಆರು ತಿಂಗಳವರೆಗೆ ಉಳಿಯಿತು. ಲಯಭಂಗವಾಗಲಿ ಗಡ್ಡೆಯಾಗಲಿ ಕಾಣಲಿಲ್ಲ. ತೇಪೆ ಹಾಕಿಸಿಕೊಂಡ ತೀವ್ರ ಹೃದಯವೈಫಲ್ಯದ ಒಬ್ಬ ರೋಗಿಗೆ ಮೂರು ತಿಂಗಳ ನಂತರ ಹೃದಯ ಕಸಿಯಾದಾಗ, ಹೊರತೆಗೆದ ಹೃದಯದಲ್ಲಿ ತೇಪೆಯ ಸ್ನಾಯು ಜೀವಂತವಾಗಿತ್ತು. ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಔಷಧಿ ಮಾತ್ರ ಅನಿವಾರ್ಯ.

5. ಉಪಸಂಹಾರ

ಹೊಸ ಸ್ನಾಯು ಉಳಿಯಬಲ್ಲದು ಎಂಬುದು ಈಗ ಸಿದ್ಧವಾಗಿದೆ. ಅದರಿಂದ ರೋಗಿಯ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಇನ್ನೂ ಬೇಕು. ಮುಂದಿನ ಪರೀಕ್ಷೆಗಳು ಸಂಕೋಚನದ ಸುಧಾರಣೆಗೆ ತೃಪ್ತಿಪಡದೆ, ಹೃದಯದ ಲಯವನ್ನು ನಿರಂತರವಾಗಿ ದಾಖಲಿಸಿ, ರೋಗಿಗಳನ್ನು ವರ್ಷಗಟ್ಟಲೆ ಗಮನಿಸಬೇಕು. ಅಲ್ಲಿಯವರೆಗೆ, ಸ್ನಾಯು ಸಾಯುವ ಮುನ್ನವೇ ಮುಚ್ಚಿದ ರಕ್ತನಾಳವನ್ನು ತೆರೆಯುವುದಕ್ಕೆ ಈ ಯಾವ ಚಿಕಿತ್ಸೆಯೂ ಬದಲಿಯಾಗಲಾರದು.