ಹೊರದೇಶದಲ್ಲಿ ಬ್ರಿಟಿಷ್ ಪಿಂಚಣಿ

ಬ್ರಿಟನ್ನಿನಲ್ಲಿ ದುಡಿದು, ಅಲ್ಲಿನ ರಾಷ್ಟ್ರೀಯ ವಿಮೆಗೆ ವಂತಿಗೆ ಕಟ್ಟಿ, ನಿವೃತ್ತಿಯ ನಂತರ ಬೇರೆ ದೇಶದಲ್ಲಿ ನೆಲೆಸಿದವರಿಗೆ ಬ್ರಿಟಿಷ್ ಸರ್ಕಾರ ಕೊಡುವ ವೃದ್ಧಾಪ್ಯ ಪಿಂಚಣಿ. ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಈ ಹಣ ಕೈಸೇರುತ್ತದೆ. ಆದರೆ ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ಏಪ್ರಿಲ್‌ನಲ್ಲಿ ಆಗುವ ಹೆಚ್ಚಳ ಕೆಲವು ದೇಶಗಳಲ್ಲಿರುವವರಿಗೆ ಮಾತ್ರ ಸಿಗುತ್ತದೆ. ಉಳಿದ ದೇಶಗಳಲ್ಲಿ ಮೊದಲ ದಿನ ಎಷ್ಟು ಬಂತೋ ಸಾಯುವವರೆಗೂ ಅಷ್ಟೇ. ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಎರಡನೆಯ ಗುಂಪಿನಲ್ಲಿವೆ, ಭಾರತವೂ ಅದರಲ್ಲಿದೆ. ಹೀಗೆ ಪಿಂಚಣಿ ನಿಂತಲ್ಲೇ ನಿಂತಿರುವವರ ಸಂಖ್ಯೆ ನಾಲ್ಕೂವರೆ ಲಕ್ಷದ ಆಸುಪಾಸು.

ಭಾರತದಿಂದ ಇಂಗ್ಲೆಂಡಿಗೆ ಹರಿದ ಪಿಂಚಣಿ

ಒಂದು ದೇಶದಲ್ಲಿ ದುಡಿದು ಇನ್ನೊಂದು ದೇಶದಲ್ಲಿ ಪಿಂಚಣಿ ಉಣ್ಣುವ ಪದ್ಧತಿಯನ್ನು ಬ್ರಿಟನ್ ದೊಡ್ಡ ಪ್ರಮಾಣದಲ್ಲಿ ಮೊದಲು ರೂಢಿಸಿದ್ದು ತನ್ನ ಅಧಿಕಾರಿಗಳಿಗಾಗಿ, ಅದೂ ಭಾರತದ ಬೊಕ್ಕಸದಿಂದ. ಇಂಡಿಯನ್ ಸಿವಿಲ್ ಸರ್ವಿಸ್‌ನಲ್ಲಿ 25 ವರ್ಷ ಪೂರೈಸಿದವನು ಜಿಲ್ಲಾಧಿಕಾರಿಯಾಗಿ ನಿವೃತ್ತನಾಗಲಿ, ಅದಕ್ಕಿಂತ ಮೇಲಿನ ಹುದ್ದೆಯಿಂದ ನಿವೃತ್ತನಾಗಲಿ, ವರ್ಷಕ್ಕೆ 1,000 ಪೌಂಡ್ ಪಡೆಯುತ್ತಿದ್ದ. ಊರಿಗೆ ಮರಳಿ ಚೆಲ್ಟೆನ್‌ಹ್ಯಾಮ್‌ನಂಥ ಪಟ್ಟಣಗಳಲ್ಲಿ ಮನೆ ಮಾಡಿದ ಈ ವರ್ಗದ ಜನಕ್ಕೆ ರೂಪಾಯಿಯ ಏರಿಳಿತ ತಾಗುತ್ತಿರಲಿಲ್ಲ, ಏಕೆಂದರೆ ಪಿಂಚಣಿ ಪೌಂಡಿನಲ್ಲೇ ನಿಗದಿಯಾಗಿತ್ತು. ಕೆಳದರ್ಜೆಯ ಸೇವೆಯವರ ಪಿಂಚಣಿ ರೂಪಾಯಿಯಲ್ಲಿತ್ತು. 1870ರ ದಶಕದ ಆರಂಭದಲ್ಲಿ ಹತ್ತಿರಹತ್ತಿರ ಎರಡು ಶಿಲಿಂಗ್ ಬೆಲೆಯಿದ್ದ ರೂಪಾಯಿ ಬೆಳ್ಳಿಯ ದರದೊಂದಿಗೆ ಕುಸಿಯುತ್ತ ಹೋದಾಗ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಇವರ ಆದಾಯವೂ ಕರಗಿತು. ಅವರ ಅಹವಾಲು ಪಾರ್ಲಿಮೆಂಟಿನವರೆಗೂ ಹೋಯಿತು. ಹೊರದೇಶದಲ್ಲಿ ಕುಳಿತ ಪಿಂಚಣಿದಾರನನ್ನು ಕಾಡುವ ಎರಡು ಚಿಂತೆಗಳಲ್ಲಿ ಒಂದು ವಿನಿಮಯ ದರ, ಇನ್ನೊಂದು ಬೆಲೆಯೇರಿಕೆ. ಮೊದಲನೆಯದು ಆಗಲೇ ರಾಜಕೀಯ ಪ್ರಶ್ನೆಯಾಗಿತ್ತು.

ಈ ಹಣ ಕಟ್ಟುತ್ತಿದ್ದವರು ಭಾರತದ ರೈತರು. ಪಿಂಚಣಿ, ರಜೆಯ ಸಂಬಳ, ರೈಲ್ವೆ ಸಾಲದ ಬಡ್ಡಿ, ಸೇನಾ ಖರ್ಚು ಎಲ್ಲವೂ ‘ಹೋಮ್ ಚಾರ್ಜಸ್’ ಎಂಬ ತಲೆಬರಹದಡಿ ಪ್ರತಿವರ್ಷ ಲಂಡನ್ನಿಗೆ ಹೋಗುತ್ತಿದ್ದವು. ದಾದಾಭಾಯಿ ನವರೋಜಿಯವರು ಸಂಪತ್ತಿನ ಸೋರಿಕೆಯ ವಾದ ಕಟ್ಟಿದಾಗ ಈ ಪಿಂಚಣಿಗಳು ಅದರ ಮುಖ್ಯ ಸಾಕ್ಷ್ಯಗಳಾದವು. ಇಲ್ಲಿ ಸಂಬಳ ಪಡೆದವನು ಮುಪ್ಪಿನಲ್ಲಿ ಇಲ್ಲೇ ಖರ್ಚು ಮಾಡಿದ್ದರೆ ಆ ಹಣ ಇಲ್ಲಿನ ಪೇಟೆಯಲ್ಲೇ ತಿರುಗುತ್ತಿತ್ತು ಎಂಬುದು ಅವರ ತರ್ಕ.

ಸ್ವಾತಂತ್ರ್ಯ ಬಂದ ಮೇಲೂ ಈ ಹೊಣೆ ಕಳಚಲಿಲ್ಲ. 1948ರ ಜುಲೈನಲ್ಲಿ ಎರಡೂ ಸರ್ಕಾರಗಳು ಸ್ಟರ್ಲಿಂಗ್ ಶಿಲ್ಕಿನ ಲೆಕ್ಕ ಚುಕ್ತಾ ಮಾಡಲು ಕುಳಿತಾಗ, ಬ್ರಿಟನ್ನಿನಲ್ಲಿರುವ ಪಿಂಚಣಿದಾರರಿಗೆ ಮುಂದೆ ಕೊಡಬೇಕಾದ ಹಣಕ್ಕಾಗಿ ಭಾರತ 16.8 ಕೋಟಿ ಪೌಂಡನ್ನು, ಅಂದರೆ ಆಗಿನ 224 ಕೋಟಿ ರೂಪಾಯಿಯನ್ನು, ಯುದ್ಧಕಾಲದಲ್ಲಿ ಬ್ರಿಟನ್ ತನಗೆ ಬಾಕಿ ಉಳಿಸಿಕೊಂಡಿದ್ದ ಮೊತ್ತದಲ್ಲಿ ಮುರಿದುಕೊಟ್ಟಿತು. ಆಹಾರಧಾನ್ಯಕ್ಕೂ ವಿದೇಶಿ ಹಣ ಸಾಲದಿದ್ದ ಹೊಸ ದೇಶ ತನ್ನನ್ನು ಆಳಿದವರ ಮುಪ್ಪಿನ ಖರ್ಚನ್ನು ಮುಂಗಡವಾಗಿ ತೆತ್ತಿತೆಂಬುದು ಈ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಮನೆಯೊಳಗಿನ ಪಿಂಚಣಿ ಗಡಿ ದಾಟಿದ ಬಗೆ

ಬ್ರಿಟನ್ನಿನ ಸಾಮಾನ್ಯ ಪ್ರಜೆಗೆ ಪಿಂಚಣಿ ಬಂದದ್ದು 1908ರ ವೃದ್ಧಾಪ್ಯ ಪಿಂಚಣಿ ಕಾಯಿದೆಯಿಂದ. 1909ರ ಜನವರಿ 1ರಿಂದ 70 ದಾಟಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಶಿಲಿಂಗ್ ಸಿಗತೊಡಗಿತು. ಯಾರೂ ವಂತಿಗೆ ಕಟ್ಟಬೇಕಿರಲಿಲ್ಲ, ತೆರಿಗೆಯ ಹಣದಿಂದಲೇ ಕೊಡುತ್ತಿದ್ದರು. ಹೀಗಾಗಿ ದೇಶದೊಳಗೆ ವಾಸವಿರಬೇಕೆಂಬ ಷರತ್ತಿಗೆ ಒಂದು ಅರ್ಥವಿತ್ತು. 1925ರ ಕಾಯಿದೆ ಈ ನೆಲಗಟ್ಟನ್ನೇ ಬದಲಿಸಿತು. ಕಾರ್ಮಿಕ, ಮಾಲೀಕ ಇಬ್ಬರೂ ವಾರವಾರ ವಂತಿಗೆ ಕಟ್ಟಿದರೆ 65ಕ್ಕೆ ಪಿಂಚಣಿ ಎಂದಾಯಿತು. ಎರಡನೆಯ ಮಹಾಯುದ್ಧದ ನಂತರ, 1946ರ ರಾಷ್ಟ್ರೀಯ ವಿಮಾ ಕಾಯಿದೆ ಇದನ್ನು ಇಡೀ ದೇಶಕ್ಕೆ ವಿಸ್ತರಿಸಿತು. 1948ರಲ್ಲಿ ಒಬ್ಬರ ಪಿಂಚಣಿ ವಾರಕ್ಕೆ 26 ಶಿಲಿಂಗ್.

1946ರ ಈ ಕಾಯಿದೆಯಲ್ಲಿ ಒಂದು ಕಲಂ ಇತ್ತು: ದೇಶದಿಂದ ಹೊರಗಿರುವವನಿಗೆ ಸೌಲಭ್ಯವಿಲ್ಲ, ನಿಯಮಾವಳಿಯಲ್ಲಿ ಬೇರೆ ಹೇಳಿದ್ದರೆ ಮಾತ್ರ ಉಂಟು. ಮುಂದಿನ ಎಲ್ಲ ತಕರಾರಿನ ಬೇರು ಇದೇ. ಲಕ್ಷಾಂತರ ಜನ ಆಸ್ಟ್ರೇಲಿಯಾಕ್ಕೂ ಕೆನಡಾಕ್ಕೂ ವಲಸೆ ಹೊರಟ ಕಾಲ ಅದು. ವಂತಿಗೆ ಕಟ್ಟಿದವರಿಗೆ ಪಿಂಚಣಿಯನ್ನೇ ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. 1950ರ ದಶಕದ ನಿಯಮಗಳು ಹೊರಗಿದ್ದವರಿಗೂ ಪಿಂಚಣಿ ಕೊಟ್ಟವು, ಮುಂದಿನ ಹೆಚ್ಚಳವನ್ನು ಮಾತ್ರ ತಡೆಹಿಡಿದವು. ಆಗ ಪಿಂಚಣಿ ಏರುತ್ತಿದ್ದದ್ದು ಅಪರೂಪಕ್ಕೊಮ್ಮೆ, ಹಾಗಾಗಿ ನಷ್ಟ ದೊಡ್ಡದಾಗಿ ಕಾಣಲಿಲ್ಲ. 1970ರ ದಶಕದಲ್ಲಿ ಬೆಲೆಗಳು ಹುಚ್ಚೆದ್ದು ಏರಿ, ಪ್ರತಿವರ್ಷ ಪಿಂಚಣಿ ಹೆಚ್ಚಿಸುವುದು ಕಾನೂನೇ ಆದಾಗ ಹೊರಗಿದ್ದವರಿಗೂ ಒಳಗಿದ್ದವರಿಗೂ ನಡುವಿನ ಅಂತರ ಬಾಯಿ ತೆರೆಯಿತು.

ಅಂಕಿಗಳೇ ಮಾತಾಡುತ್ತವೆ. ಪೂರ್ಣ ಮೂಲ ಪಿಂಚಣಿ 1990ರಲ್ಲಿ ವಾರಕ್ಕೆ 46.90 ಪೌಂಡ್, 2000ದಲ್ಲಿ 67.50, 2010ರಲ್ಲಿ 97.65, 2025–26ರಲ್ಲಿ 176.45. ಇಬ್ಬರು ನರ್ಸುಗಳು ಒಂದೇ ಆಸ್ಪತ್ರೆಯಲ್ಲಿ ಅಷ್ಟೇ ವರ್ಷ ದುಡಿದು, ಅಷ್ಟೇ ವಂತಿಗೆ ಕಟ್ಟಿ, 2000ದ ಏಪ್ರಿಲ್‌ನಲ್ಲಿ ನಿವೃತ್ತರಾದರು ಎನ್ನಿ. ಬರ್ಮಿಂಗ್‌ಹ್ಯಾಮ್‌ನಲ್ಲೇ ಉಳಿದವರಿಗೆ 2025ರಲ್ಲಿ 176.45 ಪೌಂಡ್. ಮೈಸೂರಿಗೆ ಮರಳಿದವರಿಗೆ ಅದೇ 67.50. ವರ್ಷಕ್ಕೆ ಆಗುವ ವ್ಯತ್ಯಾಸ 5,600 ಪೌಂಡಿಗೂ ಮಿಗಿಲು. ಪೌಂಡಿನ ಬೆಲೆ ಏರಿದೆಯಲ್ಲ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. 2000ದಲ್ಲಿ ಪೌಂಡಿಗೆ ಸುಮಾರು 70 ರೂಪಾಯಿಯಂತೆ ವಾರಕ್ಕೆ 4,700 ರೂಪಾಯಿ ಬರುತ್ತಿತ್ತು. 2025ರಲ್ಲಿ ಸುಮಾರು 115ರ ಲೆಕ್ಕದಲ್ಲಿ 7,700 ಬರುತ್ತಿತ್ತು. ಇದೇ ಅವಧಿಯಲ್ಲಿ ಭಾರತದಲ್ಲಿ ಬೆಲೆಗಳು ನಾಲ್ಕು ಪಟ್ಟಿಗೂ ಹೆಚ್ಚಾಗಿವೆ. ಇಲ್ಲಿನ ಸರ್ಕಾರಿ ಪಿಂಚಣಿದಾರರು ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆ ಏಕೆ ಕೇಳುತ್ತಾರೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾವ ದೇಶಕ್ಕೆ ಉಂಟು, ಯಾವ ದೇಶಕ್ಕೆ ಇಲ್ಲ

ಹೆಚ್ಚಳ ಸಿಗುವ ದೇಶಗಳ ಪಟ್ಟಿಯಲ್ಲಿ ಯಾವ ತತ್ವವೂ ಕಾಣುವುದಿಲ್ಲ. ಯುರೋಪಿನ ಮಾತು ಬೇರೆ: 1957ರ ರೋಮ್ ಒಪ್ಪಂದದಿಂದಲೇ ಅಲ್ಲಿ ವಲಸೆ ಕಾರ್ಮಿಕನ ಪಿಂಚಣಿ ಗಡಿ ದಾಟುವ ಹಕ್ಕಾಯಿತು. 1973ರಲ್ಲಿ ಸಮುದಾಯ ಸೇರಿದ ಬ್ರಿಟನ್ ಆ ನಿಯಮಕ್ಕೆ ಒಳಪಟ್ಟಿತು, ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೂ ಸ್ಪೇನ್, ಫ್ರಾನ್ಸ್‌ಗಳಲ್ಲಿರುವ ತನ್ನ ಪಿಂಚಣಿದಾರರಿಗೆ ಹೆಚ್ಚಳ ಕೊಡುತ್ತಿದೆ. ಯುರೋಪಿನ ಹೊರಗೆ ಅಮೆರಿಕ, ಇಸ್ರೇಲ್, ಟರ್ಕಿ, ಫಿಲಿಪೀನ್ಸ್, ಮಾರಿಷಸ್, ಜಮೈಕಾ, ಬಾರ್ಬಡೋಸ್‌ಗಳ ಜೊತೆ ಪರಸ್ಪರ ಒಪ್ಪಂದಗಳಿವೆ. ಜಮೈಕಾಕ್ಕೆ ಉಂಟು, ಟ್ರಿನಿಡಾಡ್‌ಗೆ ಇಲ್ಲ. ಯುದ್ಧಾನಂತರ ಲಂಡನ್ನಿನ ಬಸ್ಸುಗಳನ್ನೂ ಆಸ್ಪತ್ರೆಗಳನ್ನೂ ನಡೆಸಿದವರಲ್ಲಿ ಎರಡೂ ದ್ವೀಪಗಳ ಜನರಿದ್ದರು. ನಯಾಗರಾ ಜಲಪಾತದ ಅಮೆರಿಕದ ದಂಡೆಯಲ್ಲಿರುವ ಪಿಂಚಣಿದಾರರಿಗೆ ಹೆಚ್ಚಳ ಬರುತ್ತದೆ, ಕೆನಡಾದ ದಂಡೆಯವರಿಗೆ ಬರುವುದಿಲ್ಲ. 1982ರಲ್ಲಿ ಬ್ರಿಟನ್ ಯಾವ ದ್ವೀಪಗಳಿಗಾಗಿ ಯುದ್ಧ ಮಾಡಿತೋ ಆ ಫಾಕ್‌ಲೆಂಡ್ಸ್‌ನಲ್ಲಿ ನೆಲೆಸಿದವರಿಗೂ ಇಲ್ಲ.

ಇನ್ನೂ ಒಂದು ಸಂಗತಿ ಗಮನಿಸಬೇಕು. ಹೆಚ್ಚಳ ತಪ್ಪಿದ ಪಿಂಚಣಿದಾರರು ಮಕ್ಕಳನ್ನು ನೋಡಲು ಒಂದು ತಿಂಗಳು ಬ್ರಿಟನ್ನಿಗೆ ಹೋದರೆ, ಆ ತಿಂಗಳ ಮಟ್ಟಿಗೆ ಪೂರ್ಣ ದರ ಕೇಳಿ ಪಡೆಯಬಹುದು. ವಿಮಾನ ಹತ್ತಿ ಹಿಂದಿರುಗಿದೊಡನೆ ಹಳೆಯ ದರ. ಹಾಗೆಯೇ, ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ದುಡಿದವರಿಗೆ ಎರಡು ಪಿಂಚಣಿಗಳಿರುತ್ತವೆ. ನೌಕರಿಗೆ ಸೇರಿದ ಪಿಂಚಣಿ 1971ರ ಪಿಂಚಣಿ ಹೆಚ್ಚಳ ಕಾಯಿದೆಯ ಪ್ರಕಾರ ಎಲ್ಲಿದ್ದರೂ ಏರುತ್ತದೆ. ರಾಷ್ಟ್ರೀಯ ವಿಮೆಯದು ಏರುವುದಿಲ್ಲ. ಬೆಂಗಳೂರು, ಮೈಸೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಅಲ್ಲಿಗೆ ಹೋಗಿ ದುಡಿದು ಮರಳಿದ ವೈದ್ಯರಿಗೆ ಈ ವ್ಯತ್ಯಾಸ ಬ್ಯಾಂಕಿನ ಪಾಸ್‌ಬುಕ್ಕಿನಲ್ಲೇ ಕಾಣುತ್ತದೆ. ನೌಕರಿಯ ಪಿಂಚಣಿ ದೊಡ್ಡದಿರುವ ವೈದ್ಯರು ಹೇಗೋ ನಿಭಾಯಿಸಬಹುದು. ಕಾರ್ಖಾನೆ, ಬಟ್ಟೆಯ ಗಿರಣಿ, ಅಂಗಡಿಗಳಲ್ಲಿ ದುಡಿದು ಊರಿಗೆ ಬಂದವರಿಗೆ ಇರುವುದು ಇದೊಂದೇ.

ನ್ಯಾಯಾಲಯದಲ್ಲಿ

ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಎಂಬುವವರು 2000ದಲ್ಲಿ ಪಿಂಚಣಿಗೆ ಅರ್ಹರಾದರು. ಅವರ ಮೂಲ ಪಿಂಚಣಿ 67.50 ಪೌಂಡಿಗೇ ನಿಂತಿತು. ವಾಸಸ್ಥಳದ ಆಧಾರದ ಮೇಲೆ ತಾರತಮ್ಯ ನಡೆದಿದೆ ಎಂದು ಅವರು ಹೂಡಿದ ದಾವೆಯನ್ನು ಹೈಕೋರ್ಟು, ಮೇಲ್ಮನವಿ ನ್ಯಾಯಾಲಯ, 2005ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂರೂ ತಳ್ಳಿಹಾಕಿದವು. ಕೊನೆಗೆ ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ 2010ರ ಮಾರ್ಚ್ 16ರಂದು 11–6 ಬಹುಮತದಿಂದ ಸರ್ಕಾರದ ಪರ ತೀರ್ಪಿತ್ತಿತು. ರಾಷ್ಟ್ರೀಯ ವಿಮೆಯ ವಂತಿಗೆ ಖಾಸಗಿ ಪಿಂಚಣಿಯ ಕಂತಿನಂತಲ್ಲ. ಅದರಿಂದ ಅನೇಕ ಸೌಲಭ್ಯಗಳ ಖರ್ಚು ನಡೆಯುತ್ತದೆ. ಹೆಚ್ಚಳ ಬ್ರಿಟನ್ನಿನೊಳಗಿನ ಬೆಲೆಗಳಿಗೆ ಸಂಬಂಧಿಸಿದ್ದು. ಆದ್ದರಿಂದ ಹೊರಗಿನವರು ಒಳಗಿನವರೊಂದಿಗೆ ಹೋಲಿಸಿಕೊಳ್ಳುವಂತಿಲ್ಲ ಎಂಬುದು ತೀರ್ಪಿನ ಸಾರ. ಆದರೆ ಇದೇ ವಾದ ಅಮೆರಿಕದಲ್ಲಿರುವವರಿಗೂ ಅನ್ವಯಿಸಬೇಕಿತ್ತು. ಅಲ್ಲಿನ ಬೆಲೆಗಳೂ ಬ್ರಿಟನ್ನಿನ ಬೆಲೆಗಳಲ್ಲ. ಆರು ನ್ಯಾಯಮೂರ್ತಿಗಳ ಭಿನ್ನಮತವೇ ಹೆಚ್ಚು ನ್ಯಾಯಸಮ್ಮತವೆಂದು ತೋರುತ್ತದೆ.

ನ್ಯಾಯಾಲಯದ ದಾರಿ ಮುಚ್ಚಿದ ಮೇಲೆ ಉಳಿದದ್ದು ರಾಜಕೀಯ. ಆಸ್ಟ್ರೇಲಿಯಾ ಈ ಅನ್ಯಾಯವನ್ನು ಪ್ರತಿಭಟಿಸಿ ಬ್ರಿಟನ್ನಿನೊಂದಿಗಿನ ಸಾಮಾಜಿಕ ಭದ್ರತಾ ಒಪ್ಪಂದವನ್ನೇ 2001ರ ಮಾರ್ಚ್ 1ರಿಂದ ಕೊನೆಗೊಳಿಸಿತ್ತು. ಕೆನಡಾ ಹೊಸ ಒಪ್ಪಂದಕ್ಕೆ ಕೇಳುತ್ತಲೇ ಇದೆ. ಯಾವ ಪಕ್ಷದ ಸರ್ಕಾರ ಬಂದರೂ ಲಂಡನ್ನಿನ ಉತ್ತರ ಒಂದೇ: ಖರ್ಚು ಹೆಚ್ಚು, ನೀತಿ ಹಳೆಯದು. ಹಿಂದಿನ ಬಾಕಿ ಬೇಡ, ಇಂದಿನಿಂದಾದರೂ ಹೆಚ್ಚಳ ಕೊಡಿ ಎಂಬ ಮಧ್ಯದ ದಾರಿಯನ್ನೂ ಪಿಂಚಣಿದಾರರ ಸಂಘಟನೆಗಳು ಮುಂದಿಟ್ಟಿವೆ. ಅದೂ ಒಪ್ಪಿಗೆಯಾಗಿಲ್ಲ.

ಭಾರತದ ಸ್ಥಿತಿ

ಭಾರತವೂ ಹೊರದೇಶಕ್ಕೆ ಪಿಂಚಣಿ ಕಳಿಸುವ ದೇಶವೇ. 1947ರ ತ್ರಿಪಕ್ಷೀಯ ಒಪ್ಪಂದದಂತೆ ಭಾರತೀಯ ಸೇನೆಯಲ್ಲಿ ಉಳಿದ ಗೋರ್ಖಾ ರೆಜಿಮೆಂಟುಗಳ ಸೈನಿಕರು ನಿವೃತ್ತರಾಗಿ ನೇಪಾಳಕ್ಕೆ ಮರಳುತ್ತಾರೆ. ಅವರಿಗಾಗಿ ಕಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಭಾರತದ ಪಿಂಚಣಿ ಕಚೇರಿಗಳು ನಡೆದುಬಂದಿವೆ. ವೇತನ ಪರಿಷ್ಕರಣೆಯಾದಾಗ ಡೆಹ್ರಾಡೂನಿನ ಮಾಜಿ ಸೈನಿಕನಿಗೆ ಏರಿದ ಪಿಂಚಣಿ ಪೋಖರಾದವನಿಗೂ ಏರುತ್ತದೆ. ಬ್ರಿಟಿಷ್ ಸೇನೆಗೆ ಹೋದ ಗೋರ್ಖಾಗಳ ಪಿಂಚಣಿ ಇದೇ ಒಪ್ಪಂದದ ನೆಪದಲ್ಲಿ ದಶಕಗಳ ಕಾಲ ಬ್ರಿಟಿಷ್ ಸೈನಿಕರದಕ್ಕಿಂತ ಬಹಳ ಕಡಿಮೆಯಿತ್ತು. 2007ರಲ್ಲಿ ಸರಿಪಡಿಸಿದರೂ 1997ರ ಜುಲೈಗೆ ಮೊದಲು ನಿವೃತ್ತರಾದವರು ಅದರಿಂದ ಹೊರಗುಳಿದರು.

ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾ, ಜಪಾನ್ ಮುಂತಾದ ದೇಶಗಳೊಂದಿಗೆ ಭಾರತ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. 2009ರಲ್ಲಿ ಜಾರಿಗೆ ಬಂದ ಬೆಲ್ಜಿಯಂ ಒಪ್ಪಂದ ಮೊದಲನೆಯದು. ಬ್ರಿಟನ್ನಿನೊಂದಿಗೆ ಪಿಂಚಣಿಯನ್ನೂ ಒಳಗೊಂಡ ಅಂಥ ಒಪ್ಪಂದವಿಲ್ಲ. 2025ರ ವ್ಯಾಪಾರ ಒಪ್ಪಂದದ ಜೊತೆಗೆ ಕುದುರಿದ ವಂತಿಗೆ ವಿನಾಯಿತಿ, ಕಂಪನಿಗಳು ಸೀಮಿತ ಅವಧಿಗೆ ಅಲ್ಲಿಗೆ ಕಳಿಸುವ ನೌಕರರಿಗೆ ಎರಡು ಕಡೆ ವಂತಿಗೆ ಕಟ್ಟುವುದನ್ನು ತಪ್ಪಿಸುತ್ತದೆಯೇ ಹೊರತು, ಮುಪ್ಪಿನಲ್ಲಿ ಊರಿಗೆ ಮರಳಿದವರ ಪಿಂಚಣಿ ಹೆಚ್ಚಳದ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಮಾತುಕತೆಯ ಮೇಜಿನ ಮೇಲೆ ಅದನ್ನೂ ಇಡಬಹುದಿತ್ತು.

ಮರಳುವವರು ತಿಳಿದಿರಬೇಕಾದ ನಿಯಮಗಳು ಕೆಲವಿವೆ. ಹಳೆಯ ಮೂಲ ಪಿಂಚಣಿಯ ಬದಲಿಗೆ 2016ರ ಏಪ್ರಿಲ್ 6ರಿಂದ ಜಾರಿಯಲ್ಲಿರುವ ಹೊಸ ಸರ್ಕಾರಿ ಪಿಂಚಣಿಗೆ ಸಾಮಾನ್ಯವಾಗಿ ಕನಿಷ್ಠ 10 ವರ್ಷದ ವಂತಿಗೆ ಬೇಕು, ಪೂರ್ಣ ಮೊತ್ತಕ್ಕೆ 35 ವರ್ಷ. ಆ ವರ್ಷ ವಾರಕ್ಕೆ 155.65 ಪೌಂಡಿದ್ದ ಪೂರ್ಣ ದರ 2025–26ರಲ್ಲಿ 230.25 ಆಗಿತ್ತು. ಭಾರತದಿಂದಲೇ ಅರ್ಜಿ ಹಾಕಬಹುದು. ಹಣವನ್ನು ನಾಲ್ಕು ವಾರಕ್ಕೊಮ್ಮೆ ಇಲ್ಲವೇ ಹದಿಮೂರು ವಾರಕ್ಕೊಮ್ಮೆ ಹಾಕುತ್ತಾರೆ. ಆಗಾಗ ಅಂಚೆಯಲ್ಲಿ ಲೈಫ್ ಸರ್ಟಿಫಿಕೇಟಿನ ನಮೂನೆ ಬರುತ್ತದೆ. ಅದಕ್ಕೆ ಸಾಕ್ಷಿಯ ಸಹಿ ಹಾಕಿಸಿ ತಿರುಗಿ ಕಳಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ವಿಳಾಸ ಬದಲಾದಾಗ ತಿಳಿಸದೆ, ನಮೂನೆ ಹಳೆಯ ಮನೆಗೆ ಹೋಗಿ ಹಣ ನಿಂತುಹೋಗುವ ಅಪಾಯವನ್ನು ವಯಸ್ಸಾದವರ ಮಕ್ಕಳು ನೆನಪಿಡಬೇಕು.

ಈ ತಾರತಮ್ಯವನ್ನು ತೆಗೆದುಹಾಕಲು ಬ್ರಿಟನ್ನಿಗೆ ಯಾವ ದೇಶದ ಒಪ್ಪಿಗೆಯೂ ಬೇಕಿಲ್ಲ, ಹೊಸ ಒಪ್ಪಂದವೂ ಬೇಕಿಲ್ಲ. ಪ್ರತಿವರ್ಷ ಹೆಚ್ಚಳದ ಜೊತೆಗೆ ಹೊರಡಿಸುವ ನಿಯಮಾವಳಿಯಲ್ಲಿ ಹೊರದೇಶದವರನ್ನು ಹೊರಗಿಡುವ ಕಲಮನ್ನು ಅಲ್ಲಿನ ಸರ್ಕಾರ ಕೈಬಿಟ್ಟರೆ ಸಾಕು.